ಪುಟ್ಟ ಬೆರಳಿಗೆ ಅಕ್ಷರ ತಿದ್ದಿಸುವ ಆ್ಯಪ್

ಮೂರು-ನಾಲ್ಕು ವರ್ಷದ ಮಕ್ಕಳ ಆ್ಯಪಿನಲ್ಲಿ ಬಟನ್ 2 ಸೆಂ.ಮೀ. ಅಗಲವಾದರೂ ಇರಲಿ. ನಿಜವಾದ ತಲೆನೋವು ಅಂಗೈಯದು. ಮಗು ಟ್ಯಾಬ್ ಮೇಲೆ ಕೈ ಊರಿಕೊಂಡೇ ‘ಅ’ ತಿದ್ದುತ್ತದೆ. ಸ್ಕ್ರೀನ್ ಅದನ್ನೂ ಬೆರಳೆಂದುಕೊಂಡು ಗೆರೆಯನ್ನು ಅಲ್ಲಿಗೆ ಹಾರಿಸುತ್ತದೆ. ಆರಂಭದ ಚುಕ್ಕಿ ಮುಟ್ಟಿದ ಬೆರಳಿನ ಟಚ್ ಐಡಿಯನ್ನಷ್ಟೇ (ಪ್ರತಿ ಸ್ಪರ್ಶಕ್ಕೂ ಸ್ಕ್ರೀನ್ ಕೊಡುವ ಗುರುತಿನ ಸಂಖ್ಯೆ) ಹಿಡಿದಿಟ್ಟು ಉಳಿದದ್ದನ್ನೆಲ್ಲ ಬಿಟ್ಟುಬಿಡಿ. ನಡುವೆ ಬೆರಳು ಎದ್ದರೆ ಮೊದಲಿಂದ ಶುರು ಮಾಡಿಸಬೇಡಿ, ನಿಂತಲ್ಲೇ ಚುಕ್ಕಿ ಮಿನುಗಲಿ.

‘ಮ’, ‘ಯ’ಗಳ ಸುರುಳಿಯಲ್ಲಿ ಗೆರೆಗಳು ಒತ್ತೊತ್ತಾಗಿ ಬರುತ್ತವೆ. ಅಲ್ಲಿ ಬೆರಳು ಗೆರೆಯಿಂದ ಎಷ್ಟು ದೂರವಿದೆ ಎಂದಷ್ಟೇ ಅಳೆದರೆ, ಮಗು ಅಡ್ಡದಾರಿ ಹಿಡಿದರೂ ಆ್ಯಪ್ ‘ಸರಿ’ ಅನ್ನುತ್ತದೆ. ದಾರಿಯುದ್ದಕ್ಕೂ ಚೆಕ್‌ಪಾಯಿಂಟ್ ಇಟ್ಟು, ಒಂದಾದ ಮೇಲೊಂದರಂತೆ ದಾಟಿಸಬೇಕು.

ಸೂಚನೆಯನ್ನು ಬರೆದು ತೋರಿಸಬೇಡಿ, ಕೇಳಿಸಿ: ‘ಇಲ್ಲಿಂದ ಎಳೆ ಪುಟ್ಟಾ’. ತಪ್ಪಾದಾಗ ತಮಾಷೆಯ ಸದ್ದು ಮಾತ್ರ ಬೇಡವೇ ಬೇಡ. ಅದನ್ನು ಕೇಳಲೆಂದೇ ಬೇಕಂತ ತಪ್ಪು ಮಾಡುತ್ತವೆ!