ಕಾಗದದ ಹೊರಮೈ

ಅಜ್ಜನ ಟ್ರಂಕಿನ ಹಳೇ ಕಾಗದಗಳನ್ನು ವರ್ಷದ ಪ್ರಕಾರ ಜೋಡಿಸುತ್ತಿದ್ದೇನೆ. ಒಳಗಿರುವುದು ಹೆಚ್ಚೂಕಡಿಮೆ ಒಂದೇ: ಉಭಯಕುಶಲೋಪರಿ, ಮಳೆ, ಅಡಿಕೆ ರೇಟು, ಸ್ವಲ್ಪ ದುಡ್ಡು ಬೇಕಿತ್ತು. ನಿಜವಾದ ಮಜಾ ಇರುವುದು ಹೊರಗಡೆ.

1971ರ ಕೊನೆಯ ಕವರುಗಳಲ್ಲಿ ಮಾಮೂಲಿ ಸ್ಟ್ಯಾಂಪಿನ ಪಕ್ಕ 5 ಪೈಸೆಯ ಇನ್ನೊಂದು ಸ್ಟ್ಯಾಂಪ್ ಇದೆ. ಅದರ ಮೇಲೆ ‘ರೆಫ್ಯೂಜಿ ರಿಲೀಫ್’ ಎಂಬ ಅಚ್ಚು. ಆಗಿನ ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರಿಗಾಗಿ ಕೇಂದ್ರ ಸರ್ಕಾರ ಹಾಕಿದ್ದ ತೆರಿಗೆ ಅದು. ಮಲೆನಾಡಿನ ಮೂಲೆಯಲ್ಲಿ ಕೂತು ತಂಗಿಯನ್ನು ಹಬ್ಬಕ್ಕೆ ಕರೆಯೋದಕ್ಕೂ ಬಾಂಗ್ಲಾ ಯುದ್ಧದ ಪಾಲು ಕಟ್ಟಬೇಕಿತ್ತು, ನೋಡಿ!

ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ನಮ್ಮವರು ಅದಕ್ಕೆ ಕ್ಯಾರೇ ಅಂದಿಲ್ಲ. 1973ರ ನವೆಂಬರ್‌ನಲ್ಲಿ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದ ಮೇಲೂ ವಿಳಾಸದಲ್ಲಿ ‘ಮೈಸೂರು ರಾಜ್ಯ’ವೇ. ಆದರೂ ಕಾಗದ ತಲುಪಿದೆ. ‘ದೇವಸ್ಥಾನದ ಹಿಂದಿನ ಮನೆ’ ಅಂದರೆ ಪೋಸ್ಟ್‌ಮ್ಯಾನ್‌ಗೆ ಸಾಕಾಗಿತ್ತು ಅನ್ಸುತ್ತೆ.

ಕೆಲವು ಕವರುಗಳ ಮೂಲೆಯಲ್ಲಿ ಮಾತ್ರ ಬರೀ ತೂತು. ಚಿಕ್ಕಪ್ಪನ ಸ್ಟ್ಯಾಂಪ್ ಹುಚ್ಚು! ಠಸ್ಸೆ, ತಾರೀಖು ಎಲ್ಲ ಅದರ ಜೊತೆಗೇ ಹೋಗಿದೆ. ಆ ಆಲ್ಬಮ್ ಎಲ್ಲಿ ಅಂತ ಕೇಳಿದರೆ ಮಾತು ತಿರುಗಿಸುತ್ತಾರೆ.