ಹೊಸ ಸ್ಟೈಲ್ ಹಾಕುವ ಮೊದಲು ಲೈನ್ ಕೂರಿಸಿ

ಪೀಣ್ಯವಾಗಲಿ ದೊಡ್ಡಬಳ್ಳಾಪುರವಾಗಲಿ, ಗಾರ್ಮೆಂಟ್ಸ್ ಫ್ಲೋರಿನಲ್ಲಿ ಹೊಸ ಸ್ಟೈಲ್ (ಹೊಸ ಡಿಸೈನಿನ ಬಟ್ಟೆ) ಲೋಡ್ ಆದ ದಿನ ಮಿಷನ್ ಸದ್ದಿಗಿಂತ ಕೂಗಾಟವೇ ಜಾಸ್ತಿ. ಬೋರ್ಡಿನ ಮೇಲೆ ಗಂಟೆಗೆ 75 ಪೀಸ್ ಅಂತ ಬರೆದಿರುತ್ತದೆ, ಚೆಕಿಂಗ್ ಟೇಬಲ್ಲಿಗೆ ಬರುವುದು 20. ಬೈಸಿಕೊಳ್ಳುವವರು ಟೈಲರ್‌ಗಳು. ತಪ್ಪು ಬಹಳ ಸಲ ಲೈನ್ ಕೂರಿಸಿದವರದು, ಅಂದರೆ ಯಾವ ಕೆಲಸಕ್ಕೆ ಎಷ್ಟು ಜನ ಅಂತ ಹಂಚಿದವರದು.

ಮೊದಲು ಲೆಕ್ಕ. ಒಂದು ಫುಲ್ ಶರ್ಟಿನ ಎಲ್ಲಾ ಆಪರೇಷನ್ (ಹೊಲಿಗೆಯ ಹಂತ) ಸೇರಿ ಎಸ್‌ಎಎಂ (ಒಂದು ಪೀಸಿಗೆ ನಿಗದಿಯಾದ ಸಮಯ) 22 ನಿಮಿಷ, ದಿನಕ್ಕೆ 600 ಪೀಸ್ ಬೇಕು ಅಂದುಕೊಳ್ಳಿ. ಕೆಲಸ 13,200 ನಿಮಿಷ. ಎಂಟು ಗಂಟೆಯ 480 ನಿಮಿಷದಲ್ಲಿ 55% ಎಫಿಶಿಯೆನ್ಸಿ ಹಿಡಿದರೆ ಒಬ್ಬರಿಂದ ಸಿಗುವುದು 264 ನಿಮಿಷ. ಅಂದರೆ 50 ಆಪರೇಟರ್. ಪ್ಲಾನಿಂಗ್‌ನವರು ಇದೇ ಲೆಕ್ಕವನ್ನು 80% ಹಿಡಿದು 35 ಜನಕ್ಕೆ ಇಳಿಸುವುದುಂಟು. ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ, ಅಷ್ಟೇ.

50 ಜನ ಇದ್ದ ಮಾತ್ರಕ್ಕೆ ಲೈನ್ ಓಡುವುದಿಲ್ಲ. ಸ್ಟಾಪ್‌ವಾಚ್ ಹಿಡಿದು ಪ್ರತಿ ಆಪರೇಷನ್ನನ್ನು ಐದರಿಂದ ಹತ್ತು ಪೀಸ್ ಅಳೆಯಿರಿ, ಸರಾಸರಿಗೆ 15% ಸೇರಿಸಿ. ಬಾಬಿನ್ ಬದಲಿಸುವುದು, ದಾರ ಕಡಿಯುವುದು, ನೀರು ಕುಡಿಯುವುದು ಎಲ್ಲ ಅದರಲ್ಲಿ ಬರಬೇಕು. ಕಾಲರ್ ಅಟ್ಯಾಚ್‌ಗೆ 1 ನಿಮಿಷ ಬಂದರೆ ಲೆಕ್ಕಕ್ಕೆ 1.15, ಗಂಟೆಗೆ 52 ಪೀಸ್. ಉಳಿದವರು ಎಷ್ಟೇ ಓಡಿಸಿದರೂ ಲೈನಿನಿಂದ 52ಕ್ಕಿಂತ ಹೆಚ್ಚು ಹೊರಬೀಳದು. ಗಂಟೆಗೆ 75 ಬೇಕಾದರೆ ಅಲ್ಲಿಗೆ ಇಬ್ಬರು ಬೇಕು. ಆಗ ಅವರಿಬ್ಬರ ನಡುವೆ ಗಂಟೆಗೆ ಸುಮಾರು ಅರ್ಧ ಗಂಟೆ ಬಿಡುವು ಉಳಿಯುತ್ತದೆ. ಅದೇ ಸಿಂಗಲ್ ನೀಡಲ್ ಮಿಷನ್‌ನಲ್ಲಿ ಆಗುವ ಕಾಲರ್ ಕ್ಲೋಸಿಂಗ್‌ನ ಒಂದಿಷ್ಟು ಪೀಸ್ ಅವರಿಗೇ ಕೊಡಿ. ಎದ್ದು ಬೇರೆ ಥರದ ಮಿಷನ್ನಾದ ಓವರ್‌ಲಾಕ್‌ಗೆ ಹೋಗುವ ಹಾಗೆ ಮಾಡಿದರೆ ಎರಡೂ ಕೆಡುತ್ತವೆ.

ಸ್ಕಿಲ್ ಚಾರ್ಟ್ (ಯಾರಿಗೆ ಯಾವ ಆಪರೇಷನ್ ಗೊತ್ತು ಅನ್ನುವ ಪಟ್ಟಿ) ಗೋಡೆಗೆ ಅಂಟಿಸಿ ಮರೆಯುವ ವಸ್ತುವಲ್ಲ. ಕಾಲರ್, ಕಫ್, ಸ್ಲೀವ್ ಅಟ್ಯಾಚ್, ಸೈಡ್ ಸೀಮ್ ಇವಕ್ಕೆ ತಲಾ ಮೂರು ಜನ ಕಲಿತವರಿರಲಿ. ಸಂಬಳದ ಮರುದಿನ, ಊರಹಬ್ಬದ ವಾರ ರಜೆ ಬೀಳುವುದು ಗೊತ್ತಿರುವ ವಿಷಯ. 50 ಜನರ ಲೈನಿಗೆ ಮೂರ್ನಾಲ್ಕು ಫ್ಲೋಟರ್, ಅಂದರೆ ಬೇಕಾದ ಕಡೆ ಕೂರಬಲ್ಲ ಹೆಚ್ಚುವರಿ ಜನ, ಬೇಕೇ ಬೇಕು. ಹೆಚ್ಚು ಆಪರೇಷನ್ ಬಲ್ಲವರಿಗೆ ಸಂಬಳದಲ್ಲೂ ವ್ಯತ್ಯಾಸ ಕಾಣಬೇಕು, ಇಲ್ಲದಿದ್ದರೆ ಕಲಿಯುವವರು ಯಾರು?

ಮೊದಲ ದಿನವೇ 600 ಕೇಳಬೇಡಿ. 150, 270, 400 ಹೀಗೆ ಏರಿಸಿ ಐದನೇ ದಿನಕ್ಕೆ ತನ್ನಿ. ಆರ್ಡರ್ ಬರೀ 3,000 ಪೀಸ್ ಆದರೆ ಕೈ ಕುದುರುವಷ್ಟರಲ್ಲಿ ಆರ್ಡರೇ ಮುಗಿದಿರುತ್ತದೆ. ಅಂಥದ್ದನ್ನು ಹಿಂದೆ ಅದೇ ಥರದ ಶರ್ಟ್ ಹೊಲಿದ ಲೈನಿಗೇ ಕೊಡಿ. ಫೋಲ್ಡರ್ (ಬಟ್ಟೆಯ ಅಂಚು ಮಡಿಸುವ ಸಾಧನ), ಸೂಜಿ, ದಾರ ಹಿಂದಿನ ಸಂಜೆಯೇ ಮಿಷನ್ ಹತ್ತಿರ ಇರಲಿ. ಕಾಲರ್, ಕಫ್ ಪಾರ್ಟ್‌ಗಳು ಒಂದು ದಿನ ಮುಂದಿರಲಿ.

ಒಬ್ಬರಿಂದ ಮುಂದಿನವರಿಗೆ ಹೋಗುವ ಬಂಡಲ್ 10 ಪೀಸಿನದು ಸಾಕು. 30ರ ಬಂಡಲ್ ಕಟ್ಟಿದರೆ ಮುಂದಿನವರು ಕಾಯುತ್ತಾ ಕೂರುತ್ತಾರೆ, ತಪ್ಪೂ ತಡವಾಗಿ ಸಿಗುತ್ತದೆ. ಯಾರದೇ ಮಿಷನ್ ಮುಂದೆ ಮೂರನೇ ಬಂಡಲ್ ಕಂಡರೆ ಸೂಪರ್‌ವೈಸರ್ ಅಲ್ಲಿಗೆ ಫ್ಲೋಟರ್ ಕೂರಿಸಲಿ. ಆಲ್ಟ್ರೇಷನ್ (ತಪ್ಪು ಹೊಲಿದು ಸರಿಮಾಡಬೇಕಾದ) ಪೀಸ್‌ಗಳನ್ನು ಸಂಜೆಯವರೆಗೆ ಗುಡ್ಡೆ ಹಾಕದೆ ಆ ಗಂಟೆಯೊಳಗೇ, ಹೊಲಿದವರ ಕೈಗೇ ವಾಪಸ್ ಕೊಡಬೇಕು. ಸಂಜೆಗೆ ಬಿಟ್ಟರೆ ಅದೇ ತಪ್ಪಿನ ಕಾಲರ್ ಇನ್ನೂರೋ ಮುನ್ನೂರೋ ಆಗಿರುತ್ತದೆ, ಬಿಚ್ಚಲು ಓವರ್‌ಟೈಮ್ ಹಾಕಬೇಕಾಗುತ್ತದೆ.