ಸೂರಕ್ಕಿಯ ಕತ್ತಿನ ಬಣ್ಣ

ಎರಡು ವಾರದಿಂದ ನಾನು ಏಳುವ ಹೊತ್ತೇ ಬದಲಾಗಿದೆ. ಇನ್ನೂ ಮಬ್ಬುಗತ್ತಲೆ ಇರುವಾಗಲೇ ಮಡಿವಾಳ ಹಕ್ಕಿ ತಂತಿಯ ಮೇಲೆ ಕೂತು ಹಾಡು ಶುರು ಮಾಡಿರುತ್ತದೆ. ಚಳಿಗಾಲದಲ್ಲೂ ಇದು ಹಿತ್ತಲಲ್ಲೇ ಇತ್ತು, ಆದರೆ ಹೀಗೆ ಬಾಯಿಬಿಟ್ಟು ಹಾಡಿದ್ದಿಲ್ಲ. ಹಗಲು ಉದ್ದವಾದ ಹಾಗೆ ಹಕ್ಕಿಗಳ ಮೈಯೊಳಗಿನ ಹಾರ್ಮೋನುಗಳು ಬದಲಾಗುತ್ತವೆ. ಈ ಜಾಗ ನನ್ನದು, ಸಂಗಾತಿ ಬೇಕು ಅಂತ ಗಂಡು ಸಾರತೊಡಗುತ್ತದೆ. ಆ ದನಿ ಕೇಳಿದ ಮೇಲೆ ಮಲಗಿರೋಕೆ ಮನಸ್ಸೇ ಬರಲ್ಲ. ಕ್ಯಾಮೆರಾ ಎತ್ತಿಕೊಂಡು ಹಿಂಬಾಗಿಲು ತೆಗೆಯುತ್ತೇನೆ.

ಈ ಸಲ ನಾನು ಒಂದೇ ಹಕ್ಕಿಯ ಬೆನ್ನು ಬಿದ್ದಿದ್ದೇನೆ, ಸೂರಕ್ಕಿ. ಕೊಕ್ಕಿನಿಂದ ಬಾಲದವರೆಗೆ ಅಳೆದರೂ ಸುಮಾರು 10 ಸೆಂಟಿಮೀಟರ್ ಅಷ್ಟೇ. ದಾಸವಾಳದ ಗಿಡಕ್ಕೆ ದಿನಕ್ಕೆ ಎಷ್ಟು ಸಲ ಬರುತ್ತದೋ ಲೆಕ್ಕವಿಲ್ಲ. ಹೂವಿನ ಬಾಯಿಗೆ ಹೋಗುವ ಬದಲು ಬುಡಕ್ಕೇ ಕೊಕ್ಕು ಚುಚ್ಚಿ ಮಕರಂದ ಹೀರಿ ಹೋಗುವುದೂ ಉಂಟು.

ಮೊದಲ ನಾಲ್ಕು ದಿನ ತೆಗೆದ ಎಲ್ಲ ಫೋಟೋಗಳಲ್ಲೂ ಗಂಡಿನ ಕತ್ತು ಕಪ್ಪಗೆ ಬಂತು. ಕಣ್ಣಿಗೆ ಆಗಾಗ ನೇರಳೆ ಮಿಂಚುವುದು ಕಾಣುತ್ತದೆ, ಫೋಟೋದಲ್ಲಿ ಮಾತ್ರ ಇದ್ದಿಲಿನ ಹಾಗೆ. ಎಕ್ಸ್‌ಪೋಶರ್ ಏರಿಸಿ, ಅಂದರೆ ಫೋಟೋ ಇನ್ನಷ್ಟು ಬೆಳ್ಳಗೆ ಬರುವ ಹಾಗೆ ಮಾಡಿ ನೋಡಿದೆ, ಆಗಲಿಲ್ಲ. ಆಮೇಲೆ ಹೊಳೆಯಿತು, ತೊಂದರೆ ಕ್ಯಾಮೆರಾದ್ದಲ್ಲ, ನಾನು ಕೂತ ಜಾಗದ್ದು. ಆ ನೇರಳೆ ಬರೀ ಬಣ್ಣದ ಕಣಗಳಿಂದ ಬಂದದ್ದಲ್ಲ. ಗರಿಯೊಳಗೆ ತುಂಬ ತೆಳುವಾದ ಪದರಗಳಿರುತ್ತವೆ, ಬೆಳಕು ಅವಕ್ಕೆ ಬಡಿದು ಮರಳುವಾಗ ಬಣ್ಣ ಹುಟ್ಟುತ್ತದೆ, ಸೋಪಿನ ಗುಳ್ಳೆಯ ಮೇಲೆ ಕಾಣುತ್ತದಲ್ವಾ, ಹಾಗೆ. ಕೋನ ಸ್ವಲ್ಪ ತಪ್ಪಿದರೂ ಕಪ್ಪು. ಐದನೇ ದಿನ ಸ್ಟೂಲನ್ನು ಗಿಡದ ಪೂರ್ವಕ್ಕೆ ಒಯ್ದು, ಬಿಸಿಲಿಗೆ ಬೆನ್ನು ಮಾಡಿ ಕೂತೆ.

ಸುಮ್ನೆ ಕೂತೆ, ಅಷ್ಟೇ. ಮುಕ್ಕಾಲು ಗಂಟೆ. ಹಕ್ಕಿ ಹೂವಿಗೆ ಇಳಿಯುವ ಮುಂಚೆ ಪ್ರತಿ ಸಲ ಅದೇ ಒಣ ಕಡ್ಡಿಯ ಮೇಲೆ ಒಂದು ಕ್ಷಣ ಕೂರುತ್ತದೆ ಅಂತ ಆಗ ಗೊತ್ತಾಯಿತು. ಕಡ್ಡಿಗೆ ಮೊದಲೇ ಫೋಕಸ್ ಮಾಡಿಟ್ಟುಕೊಂಡೆ, ಶಟರ್ ಸ್ಪೀಡ್ ಸೆಕೆಂಡಿನ 1/1600, ಬೆಳಕಿನ ಸೂಕ್ಷ್ಮತೆ ಅಂದರೆ ಐಎಸ್‌ಒ 1600. ಕಾಳು ಕಾಳು ಬಂದರೆ ಬರಲಿ, ಅಲುಗಿದ ಫೋಟೋಗಿಂತ ವಾಸಿ. ಗಂಡು ಬಂತು, ಕೂತಿತು, ತಲೆ ನನ್ನ ಕಡೆ ತಿರುಗಿಸಿತು. ಹನ್ನೊಂದು ಫ್ರೇಮಿನಲ್ಲಿ ಮೂರನೆಯದರಲ್ಲಿ ಮಾತ್ರ ಕತ್ತು ಪೂರ್ತಿ ನೇರಳೆ, ನೆತ್ತಿಯಲ್ಲಿ ಹಸಿರು, ಕಣ್ಣಲ್ಲಿ ಸೂರ್ಯನ ಚುಕ್ಕೆ. ಆ ಚುಕ್ಕೆ ಇಲ್ಲದಿದ್ದರೆ ಎಷ್ಟೇ ಚೂಪಾದ ಫೋಟೋ ಆದರೂ ಹಕ್ಕಿಗೆ ಜೀವ ಇದ್ದ ಹಾಗೆ ಅನಿಸುವುದಿಲ್ಲ.

ನಡುವೆ ಅಳಿಲೂ ಸಿಕ್ಕಿತು. ಹಳೆ ಗೋಣಿಚೀಲದಿಂದ ನಾರು ಕಿತ್ತು, ಮುಂಗಾಲಲ್ಲಿ ಉಂಡೆ ಮಾಡಿ ಬಾಯಿಗೆ ತುರುಕಿಕೊಳ್ಳುತ್ತಿತ್ತು. ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ ತೆಗೆದೆ. ನಿಂತುಕೊಂಡು ತೆಗೆದರೆ ಬರೀ ಬೆನ್ನು, ಮಲಗಿದರೆ ಅದರ ಮುಖ.

ಹೋದ ವಾರ ಹೆಣ್ಣು ಸೂರಕ್ಕಿ ಕಿಟಕಿಯ ಮೂಲೆಗೆ ಬಂದು ಜೇಡರ ಬಲೆ ಎಳೆಯತೊಡಗಿತು. ಒಂದು ಎಳೆ ಹಿಡಿದು ಹಿಂದಕ್ಕೆ ಹಾರುತ್ತದೆ, ಅದು ಕೊಕ್ಕಿಗೆ ಸುತ್ತಿಕೊಳ್ಳುತ್ತದೆ, ಮತ್ತೆ ಬಂದು ಇನ್ನೊಂದು. ಗೂಡು ಅಲ್ಲೇ ಕೆಳಗಿನ ಕೊಂಬೆಯಲ್ಲಿ ನೇತಾಡುತ್ತಿದೆ. ಮೇಲೆಲ್ಲ ತೊಗಟೆ ಚೂರು ಅಂಟಿಸಿರುವುದರಿಂದ ಗಾಳಿಗೆ ಸಿಕ್ಕಿಕೊಂಡ ಕಸ ಅನ್ನಬೇಕು. ಪಕ್ಕದಲ್ಲಿ ಬಾಗಿಲು, ಅದರ ಮೇಲೆ ಪುಟ್ಟ ಸೂರು.

ಗೂಡಿನ ಫೋಟೋ ನಾನು ತೆಗೆದಿಲ್ಲ, ತೆಗೆಯುವುದೂ ಇಲ್ಲ. ಒಂದು ಎಲೆ ಅಡ್ಡ ಬಂತು ಅಂತ ಬಗ್ಗಿಸಿದರೂ ಬಿಸಿಲು ಒಳಗೆ ಬೀಳುತ್ತದೆ. ನಾವು ಪದೇ ಪದೇ ಹೋಗಿ ನಿಂತರೆ ಕಾಗೆಗೂ ಬೆಕ್ಕಿಗೂ ದಾರಿ ತೋರಿಸಿದ ಹಾಗೆ. ಫೋನಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದೂ ಅಷ್ಟೇ ಕೆಟ್ಟದ್ದು. ಇಲ್ಲದ ಎದುರಾಳಿಯನ್ನು ಓಡಿಸೋಕೆ ಅದು ಮರಿ ಸಾಕುವ ಶಕ್ತಿಯನ್ನೆಲ್ಲ ಸುರಿಯುತ್ತದೆ. ಇದನ್ನು ಮಾಡುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಸ್ಟೂಲನ್ನು ಹಿತ್ತಲಿನ ಇನ್ನೊಂದು ತುದಿಗೆ ಸಾಗಿಸಿದ್ದೇನೆ. ಅಲ್ಲಿ ಪಿಕಳಾರಗಳು ಜೋಡಿಯಾಗಿ ಬರುತ್ತಿವೆ. ಸಂಜೆ ಕಿಟಕಿಯ ಪರದೆ ಸ್ವಲ್ಪ ಸರಿಸಿ ನೋಡಿದರೆ ಗೂಡಿನ ಬಾಗಿಲಲ್ಲಿ ಬಾಗಿದ ಕೊಕ್ಕಿನ ತುದಿ ಕಾಣುತ್ತದೆ. ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತದೆ. ಒಡೆಯೋಕೆ ಎರಡು ವಾರವಾದರೂ ಬೇಕು.